ಅಜ್ಜ ರಾಗ ಹಾಡಲಿಲ್ಲ

ನನ್ನ ಅಜ್ಜ ತನ್ನ ಇಡೀ ಆಯುಷ್ಯದಲ್ಲಿ ಒಂದೇ ಒಂದು ಹಾಡಿನ ರಾಗವನ್ನೂ ಹಾಡಿದವನಲ್ಲ. ಹಾಗಂತ ಅವನಿಗೆ ಹಾಡಲು ಬರುತ್ತಿರಲಿಲ್ಲ ಎಂದು ಯಾರಾದರೂ ತಿಳಿದುಕೊಂಡರೆ ನನಗೆ ಸಿಟ್ಟು ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ನಮ್ಮ ಚರ್ಚಿನ ಗಾಯನ ಮಂಡಳಿಯಲ್ಲಿ ಅವನು ಮೀಸೆ ಮೂಡಿದಾಗಿನಿಂದ ಮೀಸೆ ಪೂರ್ತಿ ಬೆಳ್ಳಗಾಗುವವರೆಗೆ ಹಾಡಿದ. ಆದರೆ ಹಾಡಿದ್ದು ಬೇಸ್.

ನಮ್ಮಲ್ಲಿ ಕೀರ್ತನೆಗಳನ್ನು ನಾಲ್ಕು ದನಿಗಳಲ್ಲಿ ಹಾಡುವ ಪದ್ಧತಿ ಮಿಷನರಿಗಳ ಕಾಲದಿಂದ ಬಂದಿದೆ. ಹೆಂಗಸರ ಎತ್ತರದ ದನಿ ರಾಗವನ್ನು ಹಿಡಿಯುತ್ತದೆ, ಅದನ್ನೇ ಜನ ಹಾಡು ಎಂದು ಗುರುತಿಸುವುದು. ಎಲ್ಲಕ್ಕಿಂತ ಕೆಳಗೆ ಗಂಡಸರ ದಪ್ಪ ದನಿ, ಅದು ಬೇಸ್. ಮಾತುಗಳು ಅವೇ, ದಾರಿ ಮಾತ್ರ ಬೇರೆ. ರಾಗ ಮೇಲಕ್ಕೇರಿ ಕುಣಿಯುತ್ತಿರುವಾಗ ಬೇಸ್ ಇದ್ದಲ್ಲೇ ನಿಂತಿರುತ್ತದೆ, ಇಲ್ಲವೆ ಎರಡು ಮೆಟ್ಟಿಲು ಇಳಿದು ಕಾಯುತ್ತದೆ. ಬೇಸನ್ನಷ್ಟೇ ಕೇಳಿದವರಿಗೆ ಇದು ಯಾವ ಹಾಡೆಂದು ತಿಳಿಯುವುದೇ ಇಲ್ಲ.

ಅಜ್ಜ ಸ್ನಾನ ಮಾಡುವಾಗಲೂ ಬೇಸ್, ಸೈಕಲ್ ಒರೆಸುವಾಗಲೂ ಬೇಸ್. ಶಿಳ್ಳೆ ಹಾಕಿದರೂ ಅದೇ. "ನೀ ಯಾಕ ರಾಗಾ ಹಾಡೂದಿಲ್ಲೋ ಅಜ್ಜಾ?" ಎಂದು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದೆ. "ರಾಗಾ ಹಾಡಾಕ ಊರ ತುಂಬ ಮಂದಿ ಅದಾರ. ತೆಳಗ ಯಾರರೆ ನಿಂದರಬೇಕಲ್ಲ," ಎಂದ. ದೊಡ್ಡ ಮಾತು ಆಡಿದೆನೆಂದು ಅವನಿಗೆ ಅನಿಸಲೇ ಇಲ್ಲ, ಮತ್ತೆ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತ ಕೂತ.

ಅವನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಬೆಳಿಗ್ಗೆ ಕೆಲಸಕ್ಕೆ ಕರೆಯುವ ಭೋಂಗಾ ಊದುವ ಮೊದಲೇ ಮನೆ ಬಿಡುತ್ತಿದ್ದ. ನನ್ನ ಅಪ್ಪನದು ಊರೂರು ತಿರುಗುವ ನೌಕರಿ, ಹಾಗಾಗಿ ಅವ್ವ ನನ್ನನ್ನು ಕಟ್ಟಿಕೊಂಡು ತವರಿನಲ್ಲೇ ಇದ್ದಳು. ಮಿಷನ್ ಕಾಂಪೌಂಡಿನ ಹಂಚಿನ ಮನೆ, ಎದುರಿಗೆ ಒಂದು ಹುಣಸೆ ಮರ. ಸಂಜೆ ಕೆಲಸದಿಂದ ಬಂದು ಕೈಯ ಎಣ್ಣೆಕಪ್ಪು ತೊಳೆದುಕೊಂಡು, ಸೈಕಲ್ಲಿನ ಮುಂದಿನ ದಂಡಕ್ಕೆ ಟವೆಲ್ ಸುತ್ತಿ ನನ್ನನ್ನು ಕೂರಿಸಿಕೊಂಡು ಅಜ್ಜ ಒಂದು ಸುತ್ತು ಹೊರಡುತ್ತಿದ್ದ. ನನ್ನ ಬೆನ್ನು ಅವನ ಎದೆಗೆ ತಾಗಿರುತ್ತಿತ್ತು. ಹಾಡನ್ನು ನಾನು ಕಿವಿಯಿಂದ ಕೇಳುವುದಕ್ಕಿಂತ ಬೆನ್ನಿನಿಂದಲೇ ಹೆಚ್ಚು ಕೇಳಿದ್ದೇನೆ.

ರವಿವಾರ ಆರಾಧನೆಯಲ್ಲೂ ಅವನ ಪಕ್ಕದಲ್ಲೇ, ಬೇಸ್ ಹಾಡುವವರ ಬೆಂಚಿನಲ್ಲಿ ಕೂರುತ್ತಿದ್ದೆ. ಆಚೆ ಬೆಂಚಿನ ಹೆಂಗಸರು, ಅವರಲ್ಲಿ ನನ್ನ ಅವ್ವನೂ ಸೇರಿ, ಬೇರೆ ಏನನ್ನೋ ಹಾಡುತ್ತಾರೆಂಬುದು ನನಗೆ ಗೊತ್ತಿತ್ತು. ಅದು ಅವರ ತಪ್ಪು ಎಂದುಕೊಂಡಿದ್ದೆ. ಅಜ್ಜನಂಥ ಅಜ್ಜ ಒಂದು ಹೇಳುತ್ತಿರುವಾಗ ಇವರು ಇನ್ನೊಂದು ಹಾಡುತ್ತಾರಲ್ಲ, ಯಾರಾದರೂ ತಿದ್ದಬಾರದೇ ಎಂದು ಒಳಗೊಳಗೇ ಬೇಜಾರು ಮಾಡಿಕೊಳ್ಳುತ್ತಿದ್ದೆ.

ನನಗೆ ಏಳು ವರ್ಷವಿದ್ದಾಗಿನ ಸುಗ್ಗಿ ಹಬ್ಬ. ಅಂದು ಚರ್ಚಿನ ಮುಂದೆ ಜೋಳದ ತೆನೆ, ಕುಂಬಳಕಾಯಿ, ಕಬ್ಬು ಎಲ್ಲ ತಂದು ಒಟ್ಟಿರುತ್ತಾರೆ. ಸಂಡೇ ಸ್ಕೂಲಿನ ಮಕ್ಕಳು ಒಬ್ಬೊಬ್ಬರಾಗಿ ನಿಂತು ಒಂದೊಂದು ಚರಣ ಹಾಡಬೇಕು. ನನ್ನ ಸರದಿ ಬಂತು. ಹೊಸ ಲಂಗ, ಎರಡು ಜಡೆ, ಹೆದರಿಕೆಯ ಮಾತೇ ಇಲ್ಲ. ಹಾರ್ಮೋನಿಯಂ ಶುರುವಾಯಿತು, ನಾನು ಎದೆ ಉಬ್ಬಿಸಿ ಅಜ್ಜ ಹಾಡುವುದನ್ನು ಇದ್ದದ್ದು ಇದ್ದ ಹಾಗೇ ಹಾಡಿದೆ. ಹಾರ್ಮೋನಿಯಂ ಒಂದು ಕಡೆ, ನಾನು ಇನ್ನೊಂದು ಕಡೆ. ಏರು ಹತ್ತಲಾರದ ಲೂನಾ ಗಾಡಿಯ ಹಾಗೆ ನನ್ನ ಹಾಡು ಒಂದೇ ಮಟ್ಟದಲ್ಲಿ ಗುಂಯ್‌ಗುಟ್ಟುತ್ತಿತ್ತು. ಮೊದಲು ಮಕ್ಕಳು ನಕ್ಕರು, ಆಮೇಲೆ ದೊಡ್ಡವರು. ಹಾರ್ಮೋನಿಯಂ ನುಡಿಸುವವರು ಕೈ ತೆಗೆದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

ಆಗ ಹಿಂದಿನ ಬೆಂಚಿನಿಂದ ಅಜ್ಜ ಎದ್ದ. "ತಪ್ಪೇನಿಲ್ರಿ. ಹುಡುಗಿ ಬೇಸ್ ಹಾಡಾಕತ್ತಾಳ. ನೀವು ರಾಗಾ ಹಾಡ್ರಿ, ಕೂಡ್ತೈತಿ," ಎಂದ.

ಅವ್ವ ಮೊದಲು ಎದ್ದು ನಿಂತು ರಾಗ ಹಿಡಿದಳು. ಆಮೇಲೆ ಇಡೀ ಸಭೆ. ನಾನು ಒಂದಕ್ಷರ ಬದಲಿಸಲಿಲ್ಲ, ಆದರೂ ನನ್ನ ಹಾಡು ಸರಿಯಾಯಿತು. ಅಂದು ಮನೆಗೆ ಬರುವಾಗ ಅಜ್ಜ ಪೇಟೆಯಲ್ಲಿ ಸೈಕಲ್ ನಿಲ್ಲಿಸಿ ನನಗೆ ಗಿರ್ಮಿಟ್ಟು, ಮಿರ್ಚಿ ಭಜಿ ಕೊಡಿಸಿದ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದೆ.

ಇನ್ನು ಅಜ್ಜಿ. ನಾವೆಲ್ಲ ಅವಳನ್ನು ಆಯಿ ಎನ್ನುತ್ತೇವೆ. ಆಯಿ ಧಾರವಾಡದವಳು, ಮತ್ತು ಅದನ್ನು ಯಾರೂ ಮರೆಯಲು ಅವಳು ಬಿಡುವುದಿಲ್ಲ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ, ಅದು ಎಲ್ಲರಿಗೂ ಗೊತ್ತು. ಆಯಿಯ ಲೆಕ್ಕದಲ್ಲಿ ಮಾತ್ರ ಅವೆರಡೂ ಬೇರೆ ಬೇರೆ ದೇಶಗಳು. "ನಿಮ್ಮ ಹುಬ್ಬಳ್ಳಿ ಮಂದಿ ಚಹಾ ಕುಡೀರಿ ಅಂದ್ರೂ ಜಗಳಾ ತಗದಂಗ ಕೇಳಸ್ತದ," ಎಂದು ಮೂಗು ಮುರಿಯುತ್ತಿದ್ದಳು. ಅಜ್ಜ ಬಿಡುತ್ತಿರಲಿಲ್ಲ. "ನಿಮ್ಮ ಧಾರವಾಡದಾಗ ಚಹಾ ಕುಡೀರಿ ಅನ್ನೂದರಾಗ ಚಹಾ ಆರಿ ಹೋಗಿರತೈತಿ," ಎನ್ನುತ್ತಿದ್ದ. ಮದುವೆಯಾದಾಗಿನಿಂದ ನಡೆದುಬಂದ ಈ ಜಗಳ ಒಂದು ದಿನವೂ ತಪ್ಪುತ್ತಿರಲಿಲ್ಲ.

ಅವನು ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಆ ಕಾಲದವರು ಯಾರು ಕರೆಯುತ್ತಿದ್ದರು? ಅವನಿಗೆ ಅವಳು "ಕೇಳಿದೇನ". ಸೋಪು ಬೇಕಾದರೆ, ಕನ್ನಡಕ ಸಿಗದಿದ್ದರೆ, ಏನೂ ಬೇಡವಾಗಿ ಸುಮ್ಮನೆ ಅವಳು ಎಲ್ಲಿದ್ದಾಳೆಂದು ತಿಳಿಯಬೇಕಾದರೆ, ಒಳಬಾಗಿಲಿನತ್ತ ತಿರುಗಿ "ಕೇಳಿದೇನ". ಅದನ್ನೂ ಬೇಸಿನಲ್ಲೇ ಕರೆಯುತ್ತಿದ್ದ. ಮೊದಲ ಮೂರು ಅಕ್ಷರ ಒಂದೇ ಮಟ್ಟದಲ್ಲಿ, ಕೊನೆಯದು ಮೆಟ್ಟಿಲಿಳಿದು ಕೆಳಗೆ, ಕೀರ್ತನೆ ಮುಗಿಯುವಾಗ ಇಳಿಯುತ್ತದಲ್ಲ ಹಾಗೆ. ಅಡುಗೆಮನೆಯಿಂದ ಆಯಿ, "ಕೇಳಿಸ್ತು, ಹೇಳ್ರಿ" ಎನ್ನುತ್ತಿದ್ದಳು. ನಮ್ಮ ಮನೆಯ ಗೋಡೆಗಳಿಗೆ ಬಾಯಿ ಬಂದರೆ ಅವು ಆಡುವ ಮೊದಲ ಮಾತುಗಳು ಇವೇ ಇರಬೇಕು.

ಅಜ್ಜನಿಗೆ ಲಕ್ವಾ ಹೊಡೆದದ್ದು ಕ್ರಿಸ್ಮಸ್ಸಿನ ಸಡಗರ ಇನ್ನೂ ಆರಿರದ ಒಂದು ಬೆಳಿಗ್ಗೆ. ಆಗ ಅವನಿಗೆ ಎಂಬತ್ತು ದಾಟಿತ್ತು. ನಾನು ಮದುವೆಯಾಗಿ ರಾಯಾಪುರದಲ್ಲಿ ಮನೆ ಮಾಡಿದ್ದೆ. ಹುಬ್ಬಳ್ಳಿಯೂ ಅಲ್ಲದ, ಧಾರವಾಡವೂ ಅಲ್ಲದ ನಡುವಿನ ಜಾಗ ನೋಡಿ ಹಿಡಿದಿದ್ದೀಯ ಎಂದು ಇಬ್ಬರೂ ನನ್ನನ್ನು ಚೇಷ್ಟೆ ಮಾಡುತ್ತಿದ್ದರು. ಅವ್ವನ ಫೋನ್ ಬಂದಾಗ ಆಫೀಸಿಗೆ ಹೊರಟಿದ್ದೆ. ಗಡ್ಡ ಹೆರೆದುಕೊಳ್ಳುತ್ತಿದ್ದವನು ಅರ್ಧ ಮುಖಕ್ಕೆ ನೊರೆ ಇರುವಾಗಲೇ ಕುಸಿದುಬಿದ್ದಿದ್ದ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈಗೆ ಬಲವಿರಲಿಲ್ಲ, ಕಾಲು ಎಳೆಯುತ್ತಿತ್ತು. ಅದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಮಾತು ಹೋಗಿತ್ತು. ನಾವು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು, ನಗೆ ಬಂದಲ್ಲಿ ನಗುತ್ತಿದ್ದ. ಆದರೆ ಬಾಯಿ ತೆರೆದರೆ "ಅದು... ಅದು..." ಇಷ್ಟೇ. ನೀರಿಗೂ ಅದು, ಅನ್ನಕ್ಕೂ ಅದು, ಕಿಟಕಿ ತೆಗೆಯಲೂ ಅದು. ಬೇಕಾದ ಮಾತು ಸಿಗದಾಗ ಎಡಗೈಯಿಂದ ಮಂಚದ ಪಟ್ಟಿಯನ್ನು ಗುದ್ದುತ್ತಿದ್ದ. ಬರುವ ಮಾತು ಬಂದರೆ ಮೊದಲ ಕೆಲವು ತಿಂಗಳಲ್ಲೇ ಬರಬೇಕು, ತಡವಾದಷ್ಟೂ ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಆಯಿ ಅಳಲಿಲ್ಲ. ಹೊತ್ತುಹೊತ್ತಿಗೆ ಗಂಜಿ, ಗುಳಿಗೆ, ಎಣ್ಣೆ ತಿಕ್ಕುವುದು, ಎಲ್ಲ ಮಾಡಿದಳು. ಒಂದು ಸಂಜೆ ಮಾತ್ರ ರೊಟ್ಟಿ ತಟ್ಟುತ್ತ, ನನ್ನ ಕಡೆ ನೋಡದೆ ಹೇಳಿದಳು: "ಮುಂಜಾನೆ ಎದ್ದಾಗಿಂದ ಯಾರೂ ನನ್ನ ಕರಿಯೂದಿಲ್ಲ. ಮನ್ಯಾಗ ನಾ ಎಲ್ಲಿದ್ದೇನಿ ಅನ್ನೂದ ನನಗ ತಿಳೀವಲ್ದು." ಅಜ್ಜ ಭಾಷಣ ಮಾಡುವುದು ಬೇಡ, ಪ್ರಾರ್ಥನೆ ಮಾಡುವುದೂ ಬೇಡ, ಇವಳನ್ನು ಒಮ್ಮೆ ಕರೆದರೆ ಸಾಕು ಎಂದು ನಾನು ದೇವರ ಹತ್ತಿರ ಚೌಕಾಸಿಗೆ ಇಳಿದೆ.

ಮಾತು ಕಲಿಸಲು ವಾರಕ್ಕೆರಡು ಸಲ ಒಬ್ಬ ಹುಡುಗಿ ಬರುತ್ತಿದ್ದಳು. ಆಯಿ ಅವಳನ್ನು ಅಕ್ಕೋರು ಎಂದೇ ಕರೆಯುತ್ತಿದ್ದಳು, ಶಾಲೆಯ ಟೀಚರನ್ನು ಕರೆಯುವ ಹಾಗೆ. ಚಹಾದ ಕಪ್ಪು, ಕೊಡೆ, ಬಾಚಣಿಗೆಯ ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸುವ ಪಾಠ. ಅಜ್ಜ ಕೊಡೆಯ ಚಿತ್ರವನ್ನು ನೋಡಿ, ಹುಡುಗಿಯ ಮುಖ ನೋಡಿ, "ಅದು" ಎನ್ನುತ್ತಿದ್ದ. ಕೆಲವು ವಾರಗಳಾದ ಮೇಲೆ ಹುಡುಗಿ ಒಂದು ಉಪಾಯ ಹೇಳಿದಳು. "ಮಾತಿನ ಜಾಗಾ ಬ್ಯಾರೆ, ಹಾಡಿನ ಜಾಗಾ ಬ್ಯಾರೆ ಇರ್ತದ್ರಿ ಮಿದುಳಿನ್ಯಾಗ. ಮಾತು ಹೋದವ್ರು ಒಮ್ಮೊಮ್ಮೆ ಹಾಡಿನ ಜೋಡಿ ಮಾತು ತಗೊಂಡ ಬರ್ತಾರ. ಅಜ್ಜಾರಿಗೆ ಗೊತ್ತಿರೋ ಹಾಡು ಹಾಡ್ರಿ."

ಗೊತ್ತಿರುವ ಹಾಡು! ನಮ್ಮ ಮನೆಯಲ್ಲಿ ಅದಕ್ಕೆ ಬರವೇ? ಅವ್ವ ಅವತ್ತಿನಿಂದಲೇ ಶುರು ಮಾಡಿದಳು. ಅರವತ್ತು ಸಮೀಪಿಸಿದರೂ ಅವಳ ದನಿ ಚರ್ಚಿನ ಹಂಚು ಮುಟ್ಟುವಂಥದ್ದು. ಮಂಚದ ಪಕ್ಕ ಕೂತು ಕೀರ್ತನೆಯ ಮೇಲೆ ಕೀರ್ತನೆ ಹಾಡಿದಳು. ಮಂಡಳಿಯ ಹೆಂಗಸರು ಬಂದು ಹಾಡಿದರು. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿದೆವು. ಅಜ್ಜ ಕಣ್ಣು ಮುಚ್ಚಿ ಕೇಳುತ್ತಿದ್ದ, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ತುಟಿ ಮಾತ್ರ ಅಲುಗಲಿಲ್ಲ. ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸಿಬಿಡುತ್ತಿದ್ದ. ಹುಡುಗಿಗೂ ತಲೆ ಕೆರೆದುಕೊಳ್ಳುವ ಹಾಗಾಯಿತು. "ಎಲ್ಲಾರಿಗೂ ಆಗಬೇಕಂತಿಲ್ರಿ," ಎಂದು ಮೆಲ್ಲಗೆ ಹೇಳಿದಳು. ಅವ್ವ ಅಂದು ಊಟ ಬಿಟ್ಟಳು.

ಅಜ್ಜನಿಗೆ ಶನಿವಾರ ಸಂಜೆ ಬೂಟು ಪಾಲಿಶ್ ಮಾಡುವ ರೂಢಿ. ರವಿವಾರದ ಕಪ್ಪು ಬೂಟುಗಳನ್ನು ಪಡಸಾಲೆಯ ಕಟ್ಟೆಯ ಮೇಲೆ ಇಟ್ಟುಕೊಂಡು, ಕೀರ್ತನೆಯೊಂದನ್ನು ಗುನುಗುತ್ತ, ಮುಖ ಕಾಣುವ ಹಾಗೆ ತಿಕ್ಕುತ್ತಿದ್ದ. ಒಂದು ಶನಿವಾರ ಆಫೀಸು ಮುಗಿಸಿ ಬಂದವಳು ನೋಡಿದೆ, ಬೂಟುಗಳ ಮೇಲೆ ಬೆರಳಿನಷ್ಟು ಧೂಳು. ನನಗೆ ಯಾಕೋ ರೇಗಿಹೋಯಿತು. ಅಜ್ಜ ಇನ್ನು ಬೂಟು ಹಾಕುವುದೇ ಇಲ್ಲವೆಂದು ಇವರೆಲ್ಲ ತೀರ್ಮಾನಿಸಿದ್ದಾರೆಯೇ? ಪಾಲಿಶ್ ಡಬ್ಬಿ, ಬ್ರಶ್ಶು ತಂದು ಅವನ ಮಂಚದ ಬುಡದಲ್ಲೇ ಕೂತು ತಿಕ್ಕಲು ಶುರು ಮಾಡಿದೆ.

ಕೈ ಓಡುತ್ತಿದ್ದಂತೆ ಬಾಯಿಯೂ ಗುನುಗಿತು. ಬ್ರಶ್ಶಿನ ಜೊತೆ ಬರುವ ಹಾಡು ನನಗೆ ಒಂದೇ ರೀತಿ ಗೊತ್ತು, ಅಜ್ಜನ ರೀತಿ. ಒಂದೇ ಮಟ್ಟದಲ್ಲಿ ನಾಲ್ಕು ಸಲ, ಒಂದು ಮೆಟ್ಟಿಲು ಕೆಳಗೆ, ಮತ್ತೆ ಮೇಲೆ. ಎರಡನೆಯ ಸಾಲಿಗೆ ಬಂದಾಗ ನನ್ನ ತಲೆಯ ಮೇಲಿನಿಂದ ಇನ್ನೊಂದು ದನಿ ಕೇಳಿಸಿತು. ನಾನು ಹಾಡುತ್ತಿದ್ದದ್ದನ್ನೇ, ನನಗಿಂತ ಬಹಳ ಕೆಳಗೆ, ಒಡಕು ದನಿಯಲ್ಲಿ ಯಾರೋ ಗುನುಗುತ್ತಿದ್ದರು. ಬ್ರಶ್ಶು ನಿಲ್ಲಿಸಿದರೆ ಹಾಡೂ ನಿಂತೀತೆಂದು ಹೆದರಿ ತಿಕ್ಕುತ್ತಲೇ ಇದ್ದೆ. ಮೂರನೆಯ ಸಾಲಿನಲ್ಲಿ ಅಜ್ಜನ ಗುನುಗಿನೊಳಗೆ ಒಂದು ಮಾತು ಮೂಡಿತು. ಆಮೇಲೆ ಇನ್ನೊಂದು. "ಅದು" ಅಲ್ಲ, ಕೀರ್ತನೆಯ ಮಾತು, ಅಕ್ಷರ ಅಕ್ಷರ ಸರಿಯಾಗಿ.

ಆಗ ನನಗೆ ಹೊಳೆಯಿತು. ನಾವು ಇಷ್ಟು ದಿನ ಅವನಿಗೆ ಗೊತ್ತಿಲ್ಲದ ಹಾಡುಗಳನ್ನು ಹಾಡಿದ್ದೆವು. ಕೇಳಿ ಗೊತ್ತಿತ್ತು, ನಿಜ. ಅವನ ಬಾಯಿಗೆ ಮಾತ್ರ ಆ ರಾಗಗಳ ಪರಿಚಯವೇ ಇರಲಿಲ್ಲ. ಅವು ಯಾವತ್ತೂ ಬೇರೆಯವರ ಪಾಲಿನವು, ಅವರು ಹಾಡುವಾಗ ಅವನು ತನ್ನ ಪಾಲನ್ನು ಹಾಡಬೇಕು. ಮಾತುಗಳು ಅಂಟಿಕೊಂಡಿದ್ದದ್ದು ಆ ಪಾಲಿಗೆ. ಅದನ್ನು ಎತ್ತಿ ಕೊಡುವವರು ಯಾರೂ ಇರಲಿಲ್ಲ.

ಅವ್ವ ಅಡುಗೆಮನೆಯಿಂದ ಬಂದಳು. ಕೈಗೆಲ್ಲ ಜೋಳದ ಹಿಟ್ಟು. ಬಾಗಿಲಲ್ಲಿ ನಿಂತು ಒಂದು ಸಾಲು ಕೇಳಿದಳು, ಆಮೇಲೆ ಕಣ್ಣು ಮುಚ್ಚಿ ಮೇಲಿನಿಂದ ರಾಗ ಹಿಡಿದಳು. ಸುಗ್ಗಿ ಹಬ್ಬದ ದಿನ ನನ್ನ ಮೇಲೆ ಹಿಡಿದಿದ್ದಳಲ್ಲ, ಹಾಗೆಯೇ. ಮೂವರೂ ಕೂಡಿ ಒಂದು ಚರಣ ಪೂರ್ತಿ ಮುಗಿಸಿದೆವು. ಅಜ್ಜ ಒಂದು ಮಾತನ್ನೂ ಬಿಡಲಿಲ್ಲ. ಹಾಡು ಮುಗಿದಾಗ ಅವ್ವನ ಹಿಂದೆ ಆಯಿ ನಿಂತಿದ್ದಳು. "ಹಾಡಿದ್ರು," ಎಂದಳು. ಮಂಚದ ಹತ್ತಿರ ಬಂದು, "ಇನ್ನ ಮಾತಾಡ್ತಾರ," ಎಂದಳು. ಇದು ಪ್ರಶ್ನೆಯೋ ಅಪ್ಪಣೆಯೋ ನನಗೆ ತಿಳಿಯಲಿಲ್ಲ, ಅಜ್ಜ ಮಾತ್ರ ಅಪ್ಪಣೆಯೆಂದೇ ತಿಳಿದ.

ಹಾಡು ಬಂದರೆ ಮಾತು ಬಂದ ಹಾಗಲ್ಲ, ಅದು ಮಾರನೆಯ ದಿನವೇ ಗೊತ್ತಾಯಿತು. ಕೀರ್ತನೆ ಹಾಡಿದ ಬಾಯಿ ನೀರು ಕೇಳಲು ಮತ್ತೆ "ಅದು" ಎಂದಿತು. ಆದರೆ ಈಗ ದಾರಿ ಸಿಕ್ಕಿತ್ತು. ಮಾತು ಕಲಿಸುವ ಹುಡುಗಿ ಕುಣಿದಾಡುವುದೊಂದು ಬಾಕಿ. ದಿನನಿತ್ಯದ ಮಾತುಗಳನ್ನು ಬೇಸಿನ ತುಣುಕುಗಳಿಗೆ ಹೊಂದಿಸಿ ಹಾಡಿಸಿರಿ ಎಂದಳು. ಹೀಗೆ ನಮ್ಮ ಮನೆ ನಾಟಕ ಕಂಪನಿಯಾಯಿತು. "ನೀರು ಬೇಕು" ಒಂದು ಕೀರ್ತನೆಯ ಮೊದಲ ಸಾಲು, "ಬಾಗಿಲಾ ಹಾಕು" ಇನ್ನೊಂದರ ನಡುವಿನ ಸಾಲು. ನಾನು ಎತ್ತಿಕೊಡುವುದು, ಅಜ್ಜ ಹಿಂದಿನಿಂದ ಬರುವುದು. ಬರಬರುತ್ತ ನಾನು ಎತ್ತಿಕೊಡದೆಯೂ ಬರತೊಡಗಿದ. ಹಾಲು ತರುವವನಿಗೆ "ಸಾಕು ಸಾಕು" ಎಂದು ಅಜ್ಜ ಹಾಡಿದ ದಿನ ಅವನು ಹೆದರಿ ಅರ್ಧ ಲೀಟರ್ ಹೆಚ್ಚಿಗೆ ಸುರಿದು ಹೋದ.

ವರ್ಕ್‌ಶಾಪಿನಲ್ಲಿ ಅಜ್ಜನ ಜೊತೆಗಿದ್ದ ಹಳೇ ಹುಬ್ಬಳ್ಳಿಯ ಗೆಳೆಯನೊಬ್ಬ ಶುಕ್ರವಾರ ನಮಾಜು ಮುಗಿಸಿಕೊಂಡು ಅವನನ್ನು ನೋಡಲು ಬರುತ್ತಿದ್ದ. ಅಜ್ಜ ಅವನಿಗೆ "ಬಾರೋ ಕೂಡು" ಎಂದು ಹಾಡಿದಾಗ ಮುದುಕ ಒಂದು ಕ್ಷಣ ಬೆರಗಾದ. ಆಮೇಲೆ ಕೈಯನ್ನು ಕಿವಿಗಿಟ್ಟು, "ಬಂದೇನೋ ದೋಸ್ತಾ, ಚಹಾ ಮಾಡಿಸೋ" ಎಂದು ಕವ್ವಾಲಿಯ ಧಾಟಿಯಲ್ಲಿ ತಾನೂ ಎಳೆದ. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಲಕ್ವಾ ಹೊಡೆದ ಮೇಲೆ ಅಜ್ಜ ಹಾಗೆ ನಕ್ಕದ್ದು ಅದೇ ಮೊದಲು. ಆಯಿ ಇಬ್ಬರಿಗೂ ಏಲಕ್ಕಿ ಹಾಕಿದ ಚಹಾ ಕೊಟ್ಟಳು.

ಎಲ್ಲ ಬಂತು, "ಕೇಳಿದೇನ" ಬರಲಿಲ್ಲ. ಅದನ್ನು ಮಾತ್ರ ಅಜ್ಜ ಬಾಯಿಗೇ ತರುತ್ತಿರಲಿಲ್ಲ. ನಾನು ಎತ್ತಿಕೊಟ್ಟರೆ ತುಟಿ ಬಿಗಿದು ತಲೆ ಆಡಿಸುತ್ತಿದ್ದ, ಒತ್ತಾಯ ಮಾಡಿದರೆ ಮಂಚದ ಪಟ್ಟಿಯನ್ನು ಗುದ್ದುತ್ತಿದ್ದ. ನಾನೂ ಹಟಮಾರಿ, ಅವನ ಮೊಮ್ಮಗಳೇ ಅಲ್ಲವೇ. ಒಂದು ಸಂಜೆ ಮತ್ತೆ ಮತ್ತೆ ಎತ್ತಿಕೊಡುತ್ತಿದ್ದಾಗ ಆಯಿ ಒಳಗಿನಿಂದ ಬಂದು ನನ್ನ ಭುಜ ಹಿಡಿದಳು.

"ಅದನ್ನ ಕಲಿಸಬ್ಯಾಡ," ಎಂದಳು.

"ಯಾಕ ಆಯಿ? ನಿನಗನ ಅಲ್ಲ ಅದು ಬೇಕಾಗಿದ್ದು?"

"ನೀ ಕಲಿಸಿ ಅವರು ಅಂದ್ರ ಅದು ಪಾಠ ಒಪ್ಪಿಸಿದಂಗ ಆಗ್ತದ. ಕರದಂಗ ಆಗೂದಿಲ್ಲ. ಬಂದ್ರ ತಾನ ಬರ್ಲಿ. ಇಲ್ಲಾಂದ್ರ ಇಷ್ಟು ದಿವಸ ಕರದದ್ದು ಸಾಕು ನನಗ."

ಸಾಕು ಎಂದವಳ ಮುಖ ಸಾಕು ಎನ್ನುತ್ತಿರಲಿಲ್ಲ. ಆದರೂ ನಾನು ಬಿಟ್ಟುಬಿಟ್ಟೆ. ಡಾಕ್ಟರು ಹೇಳಿದ ತಿಂಗಳುಗಳು ಮುಗಿಯುತ್ತ ಬಂದಿದ್ದವು, ಒಳಗೊಳಗೇ ಕುದಿಯುತ್ತಿದ್ದೆ.

ಈಸ್ಟರ್ ಬಂತು. ಅಂದು ಸೂರ್ಯ ಹುಟ್ಟುವ ಹೊತ್ತಿಗೆ ನಮ್ಮ ಸಭೆಯವರೆಲ್ಲ ಸ್ಮಶಾನದಲ್ಲಿ ಸೇರಿ ಹಾಡುವ ಪದ್ಧತಿಯಿದೆ. ತಮ್ಮ ತಮ್ಮವರ ಗೋರಿಗಳಿಗೆ ಹಿಂದಿನ ದಿನವೇ ಸುಣ್ಣ ಹಚ್ಚಿ, ಸೇವಂತಿಗೆ ಹೂವಿಟ್ಟಿರುತ್ತಾರೆ. ಹೊರಗಿನವರಿಗೆ ವಿಚಿತ್ರವೆನಿಸಬಹುದು, ನಮಗೆ ಅದು ವರ್ಷದ ಎಲ್ಲಕ್ಕಿಂತ ಖುಷಿಯ ಮುಂಜಾವು. ಅಜ್ಜ ಬೂಟು ತೋರಿಸಿ "ಹೋಗೂಣು" ಎಂದು ಹಾಡಿದ. ಅವ್ವ ಬೇಡವೆಂದಳು. ಆಯಿ ಆಗಲೇ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

ಬೇಸ್ ಹಾಡುವವರ ನಡುವೆ ಅವನಿಗೊಂದು ಕುರ್ಚಿ ಹಾಕಿದರು. ತಣ್ಣನೆಯ ಗಾಳಿ, ಹೂವಿನ ವಾಸನೆ, ಮೂಡಣದಲ್ಲಿ ಇನ್ನೂ ಅರೆಬೆಳಕು. ಮೊದಲ ಕೀರ್ತನೆ ಎದ್ದಿತು. ಅಜ್ಜ ಶುರುವಿನಿಂದ ಕೊನೆಯವರೆಗೂ ಹಾಡಿದ. ಸಾಲಿನಲ್ಲಿದ್ದ ಹರೆಯದ ಹುಡುಗರು ಅವನತ್ತ ವಾಲಿ, ಅವನ ದನಿಗೆ ತಮ್ಮ ದನಿ ಹೊಂದಿಸಿಕೊಂಡರು. ಎಲ್ಲರೂ ಬಂದು ಕೈ ಕುಲುಕಿದರು. ಆಯಿ ದೂರದಲ್ಲಿ ತನ್ನ ಅತ್ತೆಯ ಗೋರಿಯ ಹತ್ತಿರ ನಿಂತು ಹೂವು ಸರಿಮಾಡುತ್ತಿದ್ದಳು, ತಿರುಗಿ ನೋಡಲಿಲ್ಲ.

ಆಟೋದಲ್ಲಿ ಮನೆಗೆ ಬಂದೆವು. ಕಾಂಪೌಂಡಿನ ಬಾಗಿಲಲ್ಲಿ ಆಟೋ ನಿಂತ ಕೂಡಲೆ ಆಯಿ ಇಳಿದು ದುಡುದುಡು ಮನೆಯತ್ತ ಹೊರಟಳು. ಹಬ್ಬದ ದಿನ, ನೆಂಟರು ಬರುವವರಿದ್ದರು, ಚಹಾಕ್ಕೆ ಇಡಬೇಕು, ಅವಳ ತಲೆಯಲ್ಲಿ ಅದೇ. ಅಜ್ಜನ ಕೋಲು ಅವಳ ಕೈಯಲ್ಲೇ ಉಳಿದಿತ್ತು. ನಾನು ಅಜ್ಜನನ್ನು ಹಿಡಿದು ಇಳಿಸಿದೆ. ಅವನು ಕೋಲಿಗಾಗಿ ಕೈ ಚಾಚಿದ, ಸುತ್ತ ನೋಡಿದ, ಹುಣಸೆ ಮರ ದಾಟಿ ಹೋಗುತ್ತಿದ್ದ ಅವಳ ಬೆನ್ನನ್ನು ನೋಡಿದ. "ಆಯೀ" ಎಂದು ನಾನು ಕೂಗಬೇಕೆನ್ನುವಷ್ಟರಲ್ಲಿ ನನ್ನ ತೋಳಿಗೆ ಒರಗಿದ್ದ ಅವನ ಎದೆ ನಡುಗಿತು. ಚಿಕ್ಕಂದಿನಲ್ಲಿ ಸೈಕಲ್ಲಿನ ಮೇಲೆ ನನ್ನ ಬೆನ್ನಿಗೆ ತಿಳಿಯುತ್ತಿದ್ದ ಅದೇ ನಡುಕ.

"ಕೇಳಿದೇನ!"

ಮೂರು ಅಕ್ಷರ ಒಂದೇ ಮಟ್ಟದಲ್ಲಿ, ಕೊನೆಯದು ಕೆಳಗೆ. ಯಾರೂ ಎತ್ತಿಕೊಟ್ಟಿರಲಿಲ್ಲ.

ಆಯಿ ನಿಂತಳು. ತಿರುಗಲಿಲ್ಲ. ಸೆರಗು ಒಮ್ಮೆ ಮುಖಕ್ಕೆ ಹೋಗಿಬಂತು. ಆಮೇಲೆ ತಿರುಗಿ, ಕೋಲು ಹಿಡಿದುಕೊಂಡು, ನಡೆದು ವಾಪಸು ಬಂದಳು. "ಕೇಳಿಸ್ತ್ರಿ. ಓಣಿಗೆಲ್ಲಾ ಕೇಳಿಸ್ತು. ಧಾರವಾಡದಾಗ ಯಾರೂ ಹಿಂಗ ಒದರೂದಿಲ್ಲ," ಎಂದಳು. ಅಜ್ಜ ಕೋಲು ತೆಗೆದುಕೊಂಡು ನಕ್ಕ. ನಾನು ಆಟೋದವನಿಗೆ ಬೆನ್ನು ಮಾಡಿ ನಿಂತು ಮನಸಾರೆ ಅತ್ತೆ.

ಅಜ್ಜ ಆಮೇಲೂ ಕೆಲವು ವರ್ಷ ಇದ್ದ. ಮೊದಲಿನ ಹಾಗೆ ಮಾತು ಬರಲೇ ಇಲ್ಲ, ಸುಳ್ಳು ಹೇಳಲಾರೆ. ಒಂದಿಷ್ಟು ಮಾತು, ಅವೂ ಎಲ್ಲ ಹಾಡಿಕೊಂಡೇ. ಆದರೆ ಆಯಿಯನ್ನು ಕರೆಯುವುದು ದಿನಕ್ಕೆ ಎಷ್ಟೋ ಸಲ ನಡೆಯುತ್ತಿತ್ತು. ಬಾಕಿ ಉಳಿದದ್ದನ್ನೆಲ್ಲ ತೀರಿಸುವವನ ಹಾಗೆ, ಬೇಕಿದ್ದರೂ ಕರೆದ, ಬೇಡದಿದ್ದರೂ ಕರೆದ. ನನ್ನ ಮಗಳು ಹುಟ್ಟಿದಳು. ಆಫೀಸಿಗೆ ಹೋಗುವಾಗ ಅವಳನ್ನು ಹುಬ್ಬಳ್ಳಿಯಲ್ಲೇ ಬಿಟ್ಟು ಹೋಗುತ್ತಿದ್ದೆ. ಅಜ್ಜ ಆರಾಮ ಕುರ್ಚಿಯಲ್ಲಿ ಅವಳನ್ನು ಎದೆಗೆ ಒರಗಿಸಿಕೊಂಡು ಕೂತಿರುತ್ತಿದ್ದ, ಇಬ್ಬರದೂ ಮಾತು ಅಷ್ಟಕ್ಕಷ್ಟೇ, ಚೆನ್ನಾಗಿ ಹೊಂದಿಕೆಯಾಗಿತ್ತು.

ಕಳೆದ ವರ್ಷದ ಮಳೆಗಾಲದಲ್ಲಿ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ನೋವಿಲ್ಲದೆ ಹೋದ. ಮಣ್ಣಿನ ದಿನ ಬೇಸ್ ಹಾಡುವವರ ಸಾಲಿನಲ್ಲಿ ನಾನೂ ನಿಂತೆ. ಹೆಂಗಸಿನ ದನಿ ಅಲ್ಲಿ ಹೊಂದುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಅವ್ವ ಆಚೆಯಿಂದ ರಾಗ ಹಿಡಿದಿದ್ದಳು, ಕೂಡಿತು.

ಈಗ ಆಯಿ ತಿಂಗಳಿಗೆ ಕೆಲವು ದಿನ ರಾಯಾಪುರದಲ್ಲಿ ನಮ್ಮ ಜೊತೆ ಇರುತ್ತಾಳೆ. ಮೊನ್ನೆ ಪಕ್ಕದ ಮನೆಯವರು ಬಂದು ನನ್ನ ಮಗಳನ್ನು ಮಾತಾಡಿಸುತ್ತಿದ್ದರು. ನಾಲ್ಕು ವರ್ಷದ ಬಾಯಿಬಡುಕಿ. ಅಪ್ಪನ ಹೆಸರು ಹೇಳಿದಳು, ನನ್ನ ಹೆಸರು ಹೇಳಿದಳು. "ನಿಮ್ಮ ಆಯಿ ಹೆಸರೇನ ಚಿನ್ನಿ?" ಎಂದು ಕೇಳಿದರು. ಮಗಳು ಒಂದು ಚೂರೂ ಯೋಚಿಸದೆ ಗಲ್ಲ ಎದೆಗೊತ್ತಿ, ತನಗೆ ಸಾಧ್ಯವಾದಷ್ಟು ದಪ್ಪ ದನಿಯಲ್ಲಿ ಹಾಡಿದಳು:

"ಕೇಳಿದೇನ."

ಮೂರು ಅಕ್ಷರ ಒಂದೇ ಮಟ್ಟದಲ್ಲಿ, ಕೊನೆಯದು ಕೆಳಗೆ. ಪಕ್ಕದ ಮನೆಯವರು ಗೊಳ್ಳೆಂದು ನಕ್ಕರು. ಮಗಳ ಮುಖ ಸಣ್ಣದಾಯಿತು. "ಹಂಗಲ್ಲ ಪುಟ್ಟೀ, ಆಯಿ ಹೆಸರು..." ಎಂದು ನಾನು ಬಾಯಿ ತೆರೆದೆ.

ಕಾಳು ಆರಿಸುತ್ತ ಕೂತಿದ್ದ ಆಯಿ ಮೊರ ಕೆಳಗಿಟ್ಟಳು. "ತಪ್ಪೇನಿಲ್ಲ. ತಿದ್ದಬ್ಯಾಡ ಆಕಿನ್ನ," ಎಂದಳು. ಮತ್ತೆ ಮಗಳ ಕಡೆ ತಿರುಗಿ, ಒಳಬಾಗಿಲಿನಿಂದ ಉತ್ತರ ಕೊಡುವವಳ ಹಾಗೆ ದನಿ ಎತ್ತಿ ಹೇಳಿದಳು:

"ಕೇಳಿಸ್ತವಾ, ಹೇಳು."